ಟ್ರಾಲಿ ಚಕ್ರ: ಬೀಡು, ನೈಲಾನ್, ಪಿಯು, ರಬ್ಬರ್ – ಯಾವ ನೆಲಕ್ಕೆ ಯಾವುದು?

ದಾವಣಗೆರೆಯಲ್ಲಿ ಟ್ರಾಲಿ ಮಾಡಿಸುವವರು ಸಾಮಾನ್ಯವಾಗಿ ಮೊದಲು ಕೇಳುವುದು 'ಎಷ್ಟು ಕೆಜಿ ತಡೆಯುತ್ತೆ?' ಅಂತ. ಅದಕ್ಕೂ ಮೊದಲು ನೆಲ ನೋಡಬೇಕು. ಚಕ್ರ ನೆಲಕ್ಕಿಂತ ಗಟ್ಟಿಯಾಗಿದ್ದರೆ ನೆಲ ಒಡೆಯುತ್ತದೆ, ಮೆತ್ತಗಿದ್ದರೆ ಚಕ್ರ ಸವೆಯುತ್ತದೆ. ಚಕ್ರವನ್ನು ಅರ್ಧ ಗಂಟೆಯಲ್ಲಿ ಬದಲಿಸಬಹುದು, ಗೋದಾಮಿನ ನೆಲವನ್ನು ಹಾಗೆ ಬದಲಿಸಲಾಗದು. ಒಂದೇ ಅಳತೆಯ ಟ್ರಾಲಿಗೆ 6 ಇಂಚಿನ ನಾಲ್ಕೂ ಬಗೆಯ ಚಕ್ರ – ಬೀಡು (ಎರಕದ ಕಬ್ಬಿಣ), ನೈಲಾನ್, ಪಿಯು (ಪಾಲಿಯುರೆಥೇನ್ ಎಂಬ ರಬ್ಬರಿನಂಥ ಗಟ್ಟಿ ಪ್ಲಾಸ್ಟಿಕ್), ರಬ್ಬರ್ – ಹಾಕಿ, ಸಿಮೆಂಟು, ಟೈಲ್ಸು, ಜಲ್ಲಿ ಅಂಗಳ ಎಲ್ಲದರ ಮೇಲೂ ತಳ್ಳಿ ನೋಡಿ ಬರೆದದ್ದು ಇದು.

ಮೊದಲು ತೂಕದ ಲೆಕ್ಕ. 50 ಕೆಜಿಯ 12 ಚೀಲ ಅಂದರೆ 600 ಕೆಜಿ. ಟ್ರಾಲಿಯದೇ ತೂಕ 60 ಕೆಜಿ ಇದ್ದರೆ ಒಟ್ಟು 660. ಇದನ್ನು ನಾಲ್ಕರಿಂದಲ್ಲ, ಮೂರರಿಂದ ಭಾಗಿಸಿ. ನಮ್ಮ ನೆಲಗಳು ಸಮತಟ್ಟಾಗಿರುವುದು ಕಡಿಮೆ, ಒಂದು ಚಕ್ರ ಆಗಾಗ ಗಾಳಿಯಲ್ಲೇ ಇರುತ್ತದೆ. ಹಾಗಾಗಿ ಚಕ್ರವೊಂದಕ್ಕೆ 220 ಕೆಜಿ. 250 ಕೆಜಿಗೆ ಕಡಿಮೆಯದನ್ನು ತರಬೇಡಿ. ಲಾರಿಯಿಂದ ಹಲಗೆ ಮೇಲೆ ಇಳಿಸುವ ಕೆಲಸವಿದ್ದರೆ ಇನ್ನೂ ಮೇಲಿನದು ಬೇಕು, ಅಲ್ಲಿ ಬೀಳುವ ಪೆಟ್ಟು ಈ ಲೆಕ್ಕಕ್ಕೆ ಸಿಗುವುದಿಲ್ಲ.

ತಳ್ಳುವುದಕ್ಕೆ ನೈಲಾನು ತುಂಬ ಹಗುರ. ನಯವಾದ ಟ್ರಿಮಿಕ್ಸ್ (ಹೆಚ್ಚಿನ ನೀರನ್ನು ಹೀರಿ ತೆಗೆದು ಗಟ್ಟಿ ಮಾಡಿದ ಕಾಂಕ್ರೀಟ್) ನೆಲದಲ್ಲಿ ತುಂಬಿದ ಟ್ರಾಲಿಯನ್ನು ಒಬ್ಬರೇ ಹೊರಡಿಸಬಹುದು. ಎಣ್ಣೆಗೂ ಜಗ್ಗುವುದಿಲ್ಲ. ಇದರ ಕೇಡು ಕಾಣುವುದು ನೆಲದ ಜಾಯಿಂಟಿನಲ್ಲಿ, ಅಂದರೆ ಕಾಂಕ್ರೀಟ್ ಹಾಸುಗಳ ನಡುವಿನ ಸಂದಿಯಲ್ಲಿ. ಮೊದಲು ಅಂಚು ಕೂದಲೆಳೆಯಷ್ಟು ಬಿರಿಯುತ್ತದೆ, ಆಮೇಲೆ ಜೋಳದ ಕಾಳಿನಷ್ಟು ಚೂರು ಏಳುತ್ತದೆ. ಆ ಚೂರು ಚಕ್ರದಡಿ ಸಿಕ್ಕರೆ ಟ್ರಾಲಿ ಗಕ್ಕನೆ ನಿಂತು ಮೇಲಿನ ಚೀಲ ಮುಂದಕ್ಕೆ ಜಾರುತ್ತದೆ. ನೈಲಾನು ಒಂಚೂರೂ ಬಾಗದೆ ಇಡೀ ಭಾರವನ್ನು ಗೆರೆಯಷ್ಟು ಜಾಗದ ಮೇಲೆ ಹಾಕುವುದೇ ಇದಕ್ಕೆ ಕಾರಣ. ದಿನಾ ನೀರು ಹಾಕಿ ತೊಳೆಯುವ ಕಡೆ ಇನ್ನೊಂದು ತಾಪತ್ರಯ: ನೈಲಾನು ನೀರು ಹೀರಿ ಉಬ್ಬುತ್ತದೆ, ಬುಷ್ (ಆಕ್ಸಲ್ ಕೂರುವ ಕೊಳವೆ) ಬಿಗಿಯಾಗಿ ಚಕ್ರ ತಿರುಗದೆ ಎಳೆಯತೊಡಗುತ್ತದೆ.

ಬೀಡಿನ ಒಳಚಕ್ರದ ಮೇಲೆ ಪಿಯು ಹೊದಿಸಿದ್ದು ಹೆಚ್ಚಿನ ಗೋದಾಮುಗಳಿಗೆ ಸರಿಯಾದ ಆಯ್ಕೆ. 90ರಿಂದ 95 ಶೋರ್ ಎ (ರಬ್ಬರಿನಂಥ ವಸ್ತುಗಳ ಗಡಸುತನ ಅಳೆಯುವ ಮಾನ) ಗಡಸುತನದ್ದು ಕೇಳಿ. ಭಾರ ಹೊರುತ್ತದೆ, ಜಾಯಿಂಟಿನ ಅಂಚನ್ನು ಉಳಿಸುತ್ತದೆ, ಟೈಲ್ಸ್ ಮೇಲೆ ಕಪ್ಪು ಗೆರೆ ಬಿಡುವುದಿಲ್ಲ. ಆದರೆ ನಡಿಗೆಯ ವೇಗಕ್ಕಷ್ಟೇ ಮಾಡಿದ ಚಕ್ರವನ್ನು ಗಾಡಿಗೆ ಕಟ್ಟಿ ಎಳೆದರೆ ಒಳಗೇ ಕಾವು ಏರಿ ಪಿಯು ಬೀಡಿನಿಂದ ಬಿಡುತ್ತದೆ. ಎರಡೂ ಕೂಡುವ ಅಂಚಿನಲ್ಲಿ ಉಗುರು ಹಾಕಿ ನೋಡಿ. ಉಗುರು ಒಳಹೋದರೆ ಆ ಚಕ್ರ ತೆಗೆಯಿರಿ, ಇನ್ನು ಕೆಲವೇ ದಿನಗಳಲ್ಲಿ ಟೈರು ಸುಲಿದು ಬರುತ್ತದೆ. ಭತ್ತ ಬೇಯಿಸುವ ಗಿರಣಿಯಂಥ ಬಿಸಿನೀರು, ಹಬೆಯ ಜಾಗಕ್ಕೆ ಪಾಲಿಈಥರ್ ಪಿಯು ಅಂತ ಕೇಳಿಯೇ ತರಬೇಕು. ಪಾಲಿಯೆಸ್ಟರ್ ಜಾತಿಯದು ಅಲ್ಲಿ ಮೆತ್ತಗಾಗಿ ಪುಡಿಪುಡಿಯಾಗುತ್ತದೆ.

ಜಲ್ಲಿ ಅಂಗಳಕ್ಕೆ, ಸದ್ದಾಗಬಾರದ ಕಡೆಗೆ ರಬ್ಬರೇ ವಾಸಿ. ಅದೇ ಅಳತೆಯ ಪಿಯುಗಿಂತ ಕಡಿಮೆ ಭಾರ ಹೊರುತ್ತದೆ, ಹೊರಡಿಸಲು ಜೋರಾಗಿ ನೂಕಬೇಕು. ತುಂಬಿದ ಟ್ರಾಲಿಯನ್ನು ರಾತ್ರಿಯಿಡೀ ನಿಲ್ಲಿಸಿದರೆ ಚಕ್ರದ ತಳ ಚಪ್ಪಟೆಯಾಗಿ ಬೆಳಿಗ್ಗೆ ದಡದಡ ಅನ್ನುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ಲುಗಳಿಗಂತೂ ಬೇಡವೇ ಬೇಡ. ಶೇಂಗಾ ಎಣ್ಣೆ ಕುಡಿದು ರಬ್ಬರು ಉಬ್ಬುತ್ತದೆ. ಅಲ್ಲಿ ಪಿಯು ಹಾಕಿ.

ಬೀಡಿನ ಚಕ್ರಕ್ಕೆ ಇರುವ ಜಾಗ ಬೇರೆಯೇ. ಮಂಡಕ್ಕಿ ಭಟ್ಟಿಯ ಒಲೆಯ ಪಕ್ಕ, ಕಿಡಿ ಸಿಡಿಯುವ ವೆಲ್ಡಿಂಗ್ ಶೆಡ್ಡು, ಲೇತಿನ ಚೂರು ಬೀಳುವ ಕಡೆ – ಇಲ್ಲಿ ಪಿಯು, ರಬ್ಬರಿಗೆ ತೂತು ಬೀಳುತ್ತದೆ, ಬೀಡಿಗೆ ಏನೂ ಆಗುವುದಿಲ್ಲ. ಟೈಲ್ಸ್ ಮೇಲೆ ಮಾತ್ರ ಬೇಡ. ಮೆಟ್ಟಿಲಿನಿಂದ ದಢಕ್ಕನೆ ಇಳಿಸಿದರೆ ಅಂಚು ಮುರಿಯುವುದೂ ಉಂಟು.

ಬಟ್ಟೆ ಹೊಲಿಯುವ ಘಟಕಗಳಲ್ಲಿ ಚಕ್ರ ಕೆಡುವುದು ಹೆಚ್ಚಾಗಿ ನೂಲಿನಿಂದ. ಆಕ್ಸಲಿಗೆ ಸುತ್ತಿದ ದಾರ ಬೇರಿಂಗಿನ ಸೀಲನ್ನು ಒಳಕ್ಕೆ ಒತ್ತಿ ಗ್ರೀಸನ್ನೆಲ್ಲ ಹೊರಹಾಕುತ್ತದೆ. ಥ್ರೆಡ್ ಗಾರ್ಡ್ (ದಾರ ಒಳಹೋಗದಂತೆ ತಡೆಯುವ ಮುಚ್ಚಳ) ಇರುವ 4 ಅಥವಾ 5 ಇಂಚಿನ ಪಿಯು ಹಾಕಿ, ವಾರಕ್ಕೊಮ್ಮೆ ಬ್ಲೇಡಿನಿಂದ ದಾರ ಕತ್ತರಿಸಿ ತೆಗೆಯಿರಿ.

ಜಾಯಿಂಟು ತೀರಾ ಹಾಳಾಗಿರುವ ನೆಲದಲ್ಲಿ ವಸ್ತು ಬದಲಿಸುವುದಕ್ಕಿಂತ 6 ಇಂಚಿನಿಂದ 8 ಇಂಚಿಗೆ ಹೋಗುವುದು ಲಾಭ. ದೊಡ್ಡ ಚಕ್ರ ಸಂದಿಗೆ ಇಳಿಯುವುದೇ ಕಡಿಮೆ.

ಕೂರಿಸುವಾಗ ಹ್ಯಾಂಡಲ್ ಕಡೆಗೆ ಎಡಬಲಕ್ಕೆ ತಿರುಗುವ ಎರಡು ಚಕ್ರ, ಮುಂದೆ ಹಾಗೆ ತಿರುಗದೆ ನೇರವಾಗಿಯೇ ಓಡುವ ಎರಡು. ಚಕ್ರದ ಮೇಲಿನ ಪ್ಲೇಟನ್ನು ಟ್ರಾಲಿಯ ಫ್ರೇಮಿಗೆ ವೆಲ್ಡ್ ಮಾಡಿಸಬೇಡಿ. ಆ ಕಾವಿಗೆ ತಿರುಗುವ ತಲೆಯ ಗ್ರೀಸು ಸುಟ್ಟುಹೋಗುತ್ತದೆ, ಗುಂಡುಗಳು ಓಡುವ ಹಾದಿಯ ಗಡಸು ಹೋಗಿ ಕೆಲ ದಿನಗಳಲ್ಲೇ ಚಕ್ರ ಗಡಗಡ ಅಲ್ಲಾಡುತ್ತದೆ. ನಾಲ್ಕೂ ತೂತಿಗೆ ಬೋಲ್ಟು, ನೈಲಾಕ್ ನಟ್ಟು (ಸಡಿಲವಾಗದಂತೆ ಒಳಗೆ ನೈಲಾನ್ ಬಳೆ ಇರುವ ನಟ್ಟು) ಹಾಕಿಸಿ, ಭಾರ ಹೊತ್ತು ಒಂದು ವಾರ ಓಡಿದ ಮೇಲೆ ಮತ್ತೊಮ್ಮೆ ಬಿಗಿ ಮಾಡಿಸಿ.