ಎರಡು ವರ್ಷದ ಬಳಕೆ: ಸ್ವಿಚ್ ಚಿನ್ನ, ಸೆಟ್ಟಿಂಗ್ ತಲೆನೋವು

ನಮ್ಮ ಸ್ಟೋರೇಜ್ ರ್‍ಯಾಕ್‌ಗೆ ಈ 100 ಗಿಗಾಬಿಟ್ ನೆಟ್‌ವರ್ಕ್ ಸ್ವಿಚ್ ಬಂದು ಎರಡು ವರ್ಷ ದಾಟಿತು. ಒಂದು ಪೋರ್ಟ್ ಕೂಡ ಕೈಕೊಟ್ಟಿಲ್ಲ. ಒಂದು ಫ್ಯಾನ್ ಕೆಟ್ಟಿತ್ತು, ಸ್ವಿಚ್ ಓಡುತ್ತಿರುವಾಗಲೇ ಬದಲಾಯಿಸಿದೆವು. ಹಾರ್ಡ್‌ವೇರ್‌ಗೆ ಇಷ್ಟು ಸಾಕು.

ಸತಾಯಿಸಿದ್ದು ಕಂಜೆಷನ್, ಅಂದರೆ ನೆಟ್‌ವರ್ಕ್ ಜಾಮ್ ತಡೆಯುವ ಸೆಟ್ಟಿಂಗ್. ಮೆನುವಿನಲ್ಲಿ 'ಕಂಜೆಷನ್ ನೋಟಿಫಿಕೇಷನ್ ಪ್ರಯಾರಿಟಿ' ಅಂತಲೇ ಒಂದು ಪುಟ ಇದೆ. ಬೇಕಾದ್ದು ಇದೇ ಅಂದುಕೊಂಡು ಒಂದು ದಿನ ಪೂರ್ತಿ ಅಲ್ಲೇ ಕಳೆದೆ. ಅದು 802.1ಕ್ಯೂಎಯು, 2010ರ ಸ್ಟ್ಯಾಂಡರ್ಡ್. ಅದರಲ್ಲಿ ಸ್ವಿಚ್ಚೇ ಕಳುಹಿಸುವವನಿಗೆ ಸಂದೇಶ ಕೊಡುತ್ತದೆ, ಆದರೆ ಆ ಸಂದೇಶ ರೂಟರ್ ದಾಟುವುದಿಲ್ಲ. ನಮ್ಮದೋ ರೂಟ್ ಆಗುವ ನೆಟ್‌ವರ್ಕ್, ಮೇಲೆ ಯುಡಿಪಿ ಪೋರ್ಟ್ 4791ರಲ್ಲಿ ಓಡುವ ಆರ್‌ಒಸಿಇ (ಒಂದು ಯಂತ್ರದ ಮೆಮೊರಿಯಿಂದ ಇನ್ನೊಂದರ ಮೆಮೊರಿಗೆ ನೇರವಾಗಿ ಡೇಟಾ ಸಾಗಿಸುವ ವಿಧಾನ) ಎರಡನೇ ಆವೃತ್ತಿ. ಸುಮ್ನೆ ಒದ್ದಾಡಿದ್ದು.

ನಮ್ಮಲ್ಲಿ ನಡೆಯುವುದು ಬೇರೆ. ಕ್ಯೂ (ಪ್ಯಾಕೆಟ್‌ಗಳು ಕಾಯುವ ಸಾಲು) ತುಂಬುತ್ತಾ ಬಂದರೆ ಸ್ವಿಚ್ ಪ್ಯಾಕೆಟ್‌ನಲ್ಲಿ ಜಾಮ್ ಗುರುತಿಗೆಂದೇ ಇರುವ ಎರಡು ಇಸಿಎನ್ ಬಿಟ್‌ಗಳನ್ನೂ 1 ಮಾಡಿ ಮುಂದೆ ಬಿಡುತ್ತದೆ. ಅದನ್ನು ಕಂಡ, ಡೇಟಾ ಪಡೆಯುವ ಕಡೆಯ ನೆಟ್‌ವರ್ಕ್ ಕಾರ್ಡ್ 'ನಿಧಾನ ಮಾಡು' ಎಂಬ ಚಿಕ್ಕ ಸಿಎನ್‌ಪಿ ಪ್ಯಾಕೆಟ್ ಅನ್ನು ಕಳುಹಿಸಿದವನಿಗೆ ವಾಪಸ್ ಕಳುಹಿಸುತ್ತದೆ. ಜೊತೆಗೆ ಬಂದ ರೆಡಿಮೇಡ್ ಟೆಂಪ್ಲೇಟ್ ಡೇಟಾ (ಪ್ಯಾಕೆಟ್‌ನ ದರ್ಜೆ ಹೇಳುವ ಡಿಎಸ್‌ಸಿಪಿ ಸಂಖ್ಯೆ 26), ಸಿಎನ್‌ಪಿ (48) ಎರಡನ್ನೂ 3ನೇ ಕ್ಯೂಗೇ ತಳ್ಳಿತ್ತು! ಜಾಮ್ ಆಗಿದೆ ಅಂತ ಹೇಳಲು ಹೊರಟವನೇ ಜಾಮ್‌ನಲ್ಲಿ ನಿಂತ ಹಾಗೆ. ಸಂಜೆ ಬ್ಯಾಕಪ್ ಶುರುವಾದರೆ ಪಿಎಫ್‌ಸಿ (ಒಂದು ಕ್ಯೂವನ್ನು ಮಾತ್ರ ಕೆಲ ಕ್ಷಣ ನಿಲ್ಲಿಸುವ ವ್ಯವಸ್ಥೆ) ಪಾಜ್ ಕೌಂಟರ್ ಓಡತೊಡಗುತ್ತಿತ್ತು. ಆ ಕ್ಯೂ ನಿಂತರೆ ಸಿಎನ್‌ಪಿಯೂ ನಿಲ್ಲುತ್ತಿತ್ತು.

48 ಅನ್ನು 6ನೇ ಕ್ಯೂಗೆ ಹಾಕಿ ಸ್ಟ್ರಿಕ್ಟ್ ಪ್ರಯಾರಿಟಿ (ಯಾವಾಗಲೂ ಮೊದಲ ಸರದಿ) ಕೊಟ್ಟೆ. ಆ ಕ್ಯೂಗೆ ಪಿಎಫ್‌ಸಿ ಬೇಡ. ಪ್ಯಾಕೆಟ್ ಚಿಕ್ಕದು, ಬೇರೆಯವರ ಪಾಲು ತಿನ್ನುವುದಿಲ್ಲ. 3ನೇ ಕ್ಯೂನಲ್ಲಿ ಇಸಿಎನ್ ಮಿತಿ ಕನಿಷ್ಠ 150 ಕೆಬಿ, ಗರಿಷ್ಠ 1500 ಕೆಬಿ ಇಟ್ಟೆ. ಪಾಜ್ ಹೊರಡುವ ಮೊದಲೇ ಇಸಿಎನ್ ಗುರುತು ಬೀಳಬೇಕು ಅಲ್ವಾ? ಮರುದಿನ ಸಂಜೆ ಪಾಜ್ ಕೌಂಟರ್ ಹೆಚ್ಚು ಕಮ್ಮಿ ಅಲ್ಲಾಡಲೇ ಇಲ್ಲ, ಇಸಿಎನ್ ಗುರುತುಗಳು ಮಾತ್ರ ಏರುತ್ತಿದ್ದವು. ನನಗೆ ಬೇಕಿದ್ದೂ ಅದೇ.

ಸಿಟ್ಟು ಬಂದದ್ದು ಕಳೆದ ವರ್ಷ. ಫರ್ಮ್‌ವೇರ್ ಅಪ್‌ಡೇಟ್ ಆದ ಮೇಲೆ ಯಾವ ಪ್ಯಾಕೆಟ್ ಯಾವ ಕ್ಯೂಗೆ ಎಂಬ ಈ ಮ್ಯಾಪ್ ಸದ್ದಿಲ್ಲದೆ ಹಳೇ ಟೆಂಪ್ಲೇಟ್‌ಗೆ ಹೋಗಿತ್ತು. ಲಾಗ್‌ನಲ್ಲಿ ಒಂದು ಸಾಲೂ ಇಲ್ಲ. ಈಗ ಅಪ್‌ಡೇಟ್‌ಗೆ ಮುಂಚೆ ಒಂದು ಸಲ, ಆಮೇಲೆ ಒಂದು ಸಲ ಕಾನ್ಫಿಗ್ ತೆಗೆದು ಹೋಲಿಸಿ ನೋಡುತ್ತೇನೆ.

ನಾಲ್ಕು ಸ್ಟಾರ್. ಕೊಳ್ಳುವವರು ಒಂದು ಕೇಳಿ: ಪ್ರತಿ ಕ್ಯೂಗೂ ಬೇರೆ ಬೇರೆ ಇಸಿಎನ್ ಕೌಂಟರ್ ತೋರಿಸುತ್ತದಾ? ಇದರಲ್ಲಿ ತೋರಿಸುತ್ತದೆ. ಅದಿಲ್ಲದಿದ್ದರೆ ನಾನು ಇನ್ನೂ ಕೇಬಲ್ ಬದಲಾಯಿಸುತ್ತಾ ಕೂತಿರುತ್ತಿದ್ದೆ.