ಸ್ಪೈಸ್‌ನಲ್ಲಿ ‘1ಎಫ್’ ಅಂದರೆ ಒಂದು ಫ್ಯಾರಡ್ ಅಲ್ಲ, ಜೋಪಾನ

ಸರ್ಕ್ಯೂಟ್‌ಗಳನ್ನು ಕಂಪ್ಯೂಟರ್‌ನಲ್ಲೇ ಪರೀಕ್ಷಿಸುವ ಸಿಮ್ಯುಲೇಶನ್ ಸಾಫ್ಟ್‌ವೇರ್ ಸ್ಪೈಸ್‌ನಲ್ಲಿ, ಬ್ಯಾಕಪ್ ಸರ್ಕ್ಯೂಟ್‌ಗೆ ಒಂದು ಫ್ಯಾರಡ್‌ನ (ಫ್ಯಾರಡ್ ಎಂದರೆ ಕೆಪಾಸಿಟೆನ್ಸ್‌ನ ಏಕಮಾನ) ಸೂಪರ್ ಕೆಪಾಸಿಟರ್ ಹಾಕಿ, ಮೌಲ್ಯದ ಜಾಗದಲ್ಲಿ ‘1ಎಫ್’ ಎಂದು ಟೈಪ್ ಮಾಡಿದರೆ, ಸಪ್ಲೈ ತೆಗೆದ ಕ್ಷಣವೇ ವೋಲ್ಟೇಜ್ ನೆಲಕಚ್ಚುತ್ತದೆ. 10 ಮೈಕ್ರೋಆಂಪ್ ಲೋಡ್‌ಗೆ ಒಂದು ವೋಲ್ಟ್ ಇಳಿಯಲು 1,00,000 ಸೆಕೆಂಡ್, ಅಂದರೆ ಸುಮಾರು 28 ಗಂಟೆ ಹಿಡಿಯಬೇಕು. ಸಿಮ್ಯುಲೇಶನ್‌ನಲ್ಲಿ ಹಿಡಿಯುವುದು 0.1 ನ್ಯಾನೋಸೆಕೆಂಡ್! ಆಗ ಡಯೋಡ್ ಬದಲಿಸುವುದು, ರೆಗ್ಯುಲೇಟರ್ ಮಾಡೆಲ್ ಮೇಲೆ ಗುಮಾನಿಪಡುವುದು, ಪಕ್ಕದಲ್ಲಿ ಇನ್ನೊಂದು ‘1ಎಫ್’ ಸೇರಿಸುವುದು, ಎಲ್ಲವೂ ವ್ಯರ್ಥ.

ಸ್ಪೈಸ್‌ಗೆ ಸಂಖ್ಯೆಯ ನಂತರ ಬರುವ ‘ಎಫ್’ ಫೆಮ್ಟೋ, ಅಂದರೆ ಸಾವಿರ ಲಕ್ಷ ಕೋಟಿಯಲ್ಲಿ ಒಂದು ಭಾಗ. ಒಂದು ಪಿಕೋಫ್ಯಾರಡ್‌ಗೆ 1000 ಫೆಮ್ಟೋಫ್ಯಾರಡ್. ‘10ಪಿಎಫ್’ ಬರೆದಾಗ ‘ಪಿ’ ಓದಿ ಉಳಿದ ಅಕ್ಷರವನ್ನು ಅದು ಲೆಕ್ಕಕ್ಕೇ ತೆಗೆದುಕೊಳ್ಳುವುದಿಲ್ಲ. ಹಾಗಾಗಿಯೇ ಈ ಅಭ್ಯಾಸ ಎಷ್ಟೋ ಕಾಲ ತೊಂದರೆ ಕೊಡದೆ ನಡೆದುಬಿಡುತ್ತದೆ. ‘1ಫ್ಯಾರಡ್’ ಎಂದು ಪೂರ್ತಿ ಬರೆದರೂ ಅದೇ ಗತಿ. ಬರೀ ‘1’ ಬರೆಯಿರಿ. ‘1ಎಂ’ ಕೂಡ ಹೀಗೇ: ದೊಡ್ಡಕ್ಷರವಾದರೂ ಅದು ಮಿಲಿ, ಮೆಗಾ ಓಮ್ ಬೇಕಿದ್ದರೆ ‘1ಮೆಗ್’. ಅನುಮಾನ ಬಂದರೆ ಕೆಪಾಸಿಟರ್‌ಗೆ 1 ಮಿಲಿಆಂಪ್ ಸ್ಥಿರ ಕರೆಂಟ್ ಹರಿಸಿ. ಒಂದು ವೋಲ್ಟ್ ಏರಲು 1000 ಸೆಕೆಂಡ್ ಹಿಡಿದರೆ ಫ್ಯಾರಡ್, 1 ಪಿಕೋಸೆಕೆಂಡ್ ಸಾಕಾದರೆ ಫೆಮ್ಟೋ.

ಚಿಪ್ ವಿನ್ಯಾಸದಲ್ಲಿ ಇದೇ ಗೊಂದಲ ಇನ್ನೂ ಅಪಾಯಕಾರಿ, ಯಾಕೆಂದರೆ ಅಲ್ಲಿ ತಪ್ಪು ಸದ್ದು ಮಾಡುವುದಿಲ್ಲ. ಟೈಮಿಂಗ್ ಕನ್‌ಸ್ಟ್ರೇಂಟ್ ಫೈಲಿನ (ಚಿಪ್ ಪಾಲಿಸಬೇಕಾದ ಸಮಯದ ಮಿತಿ, ಲೋಡ್‌ಗಳನ್ನು ಹೇಳುವ ಫೈಲ್) ‘ಸೆಟ್_ಲೋಡ್ 10’ ಸಾಲಿನಲ್ಲಿ ಏಕಮಾನವೇ ಇಲ್ಲ. ಗೇಟುಗಳ ವಿವರವಿರುವ ಲೈಬ್ರರಿಯಲ್ಲಿ ಯಾವ ಏಕಮಾನವಿದೆಯೋ ಅದೇ. ಔಟ್‌ಪುಟ್ ಪ್ಯಾಡ್‌ನಾಚೆ ಬೋರ್ಡ್ ಟ್ರೇಸ್ ಮತ್ತು ಎದುರಿನ ಚಿಪ್ ಸೇರಿ 10 ಪಿಕೋ ಎಂದು ನೀವು ಅಂದುಕೊಂಡಿರುತ್ತೀರಿ. ಲೈಬ್ರರಿ ಫೆಮ್ಟೋದಲ್ಲಿದ್ದರೆ ಟೂಲ್‌ಗೆ ಕಾಣುವುದು 10 ಫೆಮ್ಟೋ, ಒಳಗಿನ ಕೆಲವೇ ಸಣ್ಣ ಗೇಟುಗಳ ಭಾರ. 50 ಓಮ್ ಡ್ರೈವರ್‌ಗೆ ಆರ್‌ಸಿ (ರೆಸಿಸ್ಟೆನ್ಸ್ ಗುಣಿಸು ಕೆಪಾಸಿಟೆನ್ಸ್) 500 ಪಿಕೋಸೆಕೆಂಡ್ ಇರಬೇಕಾದದ್ದು 0.5 ಆಗುತ್ತದೆ. ಟೈಮಿಂಗ್ ಸಲೀಸಾಗಿ ಪಾಸ್. ಎಡವಟ್ಟು ಗೊತ್ತಾಗುವುದು ಸಿಲಿಕಾನ್ ಕೈಗೆ ಬಂದ ಮೇಲೆ, ಸಿಗ್ನಲ್‌ನ ಅಂಚುಗಳು ನಿಧಾನವಾಗಿ ಏರುವಾಗ. ಇದರ ಉಲ್ಟಾ ಆದರೆ, ಅಂದರೆ ಫೆಮ್ಟೋ ಅಂದುಕೊಂಡದ್ದು ಪಿಕೋ ಆದರೆ, ಟೈಮಿಂಗ್ ವಯೊಲೇಶನ್‌ಗಳ (ಮಿತಿ ಮೀರಿದ ದೂರುಗಳ) ರಾಶಿಯೇ ಬಿದ್ದು ಅವತ್ತೇ ಸಿಕ್ಕಿಬೀಳುತ್ತದೆ. ಅದು ಪುಣ್ಯ.

ಕನ್‌ಸ್ಟ್ರೇಂಟ್ ಲೋಡ್ ಮಾಡುವ ಮೊದಲು ಟೂಲ್‌ನ ಏಕಮಾನಗಳನ್ನು ತೋರಿಸುವ ‘ರಿಪೋರ್ಟ್_ಯೂನಿಟ್ಸ್’ ಓಡಿಸಿ. ಪ್ಯಾರಸಿಟಿಕ್ ಫೈಲಿನ (ಚಿಪ್‌ನ ತಂತಿಗಳ ರೆಸಿಸ್ಟೆನ್ಸ್, ಕೆಪಾಸಿಟೆನ್ಸ್ ಇರುವ ಫೈಲ್) ತಲೆಯಲ್ಲಿರುವ ‘ಸಿ_ಯೂನಿಟ್’ ಸಾಲನ್ನು ಟೈಮಿಂಗ್ ಟೂಲ್ ತಾನೇ ಓದಿಕೊಳ್ಳುತ್ತದೆ. ನೆಟ್‌ಗಳ (ತಂತಿಗಳ) ಕೆಪಾಸಿಟೆನ್ಸ್ ಕೂಡಲು ಅವಸರದಲ್ಲಿ ಬರೆದ ಸ್ಕ್ರಿಪ್ಟ್ ಓದುವುದಿಲ್ಲ. ಆ ಸಾಲನ್ನು ಓದಿ ಗುಣಿಸುವ ಕೋಡ್ ನೀವೇ ಸೇರಿಸಬೇಕು.