ವಿಯೆನ್ನಾದ 10ನೇ ಕೋಣೆ, ಗುರುವಾರ ಸಂಜೆ

ಅಕ್ಟೋಬರ್ ಕೊನೆಯಲ್ಲಿ ನಾಲ್ಕು ದಿನ ಒಬ್ಬಳೇ ವಿಯೆನ್ನಾದಲ್ಲಿದ್ದೆ. ಆ ನಾಲ್ಕು ದಿನದಲ್ಲಿ ಒಂದೇ ಮ್ಯೂಸಿಯಂಗೆ ಎರಡು ಸಲ ಹೋದೆ. ಎರಡು ಸಲವೂ ಟಿಕೆಟ್ ತೆಗೆದುಕೊಂಡೆ, 20 ಯೂರೋಗಿಂತ ಸ್ವಲ್ಪ ಜಾಸ್ತಿ. ಕೊಟ್ಟ ದುಡ್ಡಿಗೆ ಬೇಸರವಿಲ್ಲ.

ಅದರ ಹೆಸರು ಕುನ್ಸ್ಟ್‌ಹಿಸ್ಟೋರಿಷಸ್ ಮ್ಯೂಸಿಯಂ, ಅಂದರೆ ಕಲಾ ಇತಿಹಾಸದ ಮ್ಯೂಸಿಯಂ. 1891ರಲ್ಲಿ ಶುರುವಾದದ್ದು. ಎದುರಿಗೆ ಅದರದೇ ಅವಳಿಯಂಥ ಕಟ್ಟಡ, ಪ್ರಕೃತಿ ವಿಜ್ಞಾನದ ಮ್ಯೂಸಿಯಂ. ನಡುವಿನ ಚೌಕದಲ್ಲಿ ಮರಿಯಾ ತೆರೇಸಾ ರಾಣಿಯ ದೊಡ್ಡ ಪ್ರತಿಮೆ.

ಮೊದಲ ಸಲ ಬೆಳಿಗ್ಗೆ ಹೋಗಿ ಎಲ್ಲವನ್ನೂ ನೋಡಲು ಹೊರಟೆ. ಈಜಿಪ್ಟಿನ ಶವಪೆಟ್ಟಿಗೆಗಳು, ರೋಮಿನ ಕಲ್ಲಿನ ತಲೆಗಳು, ಅರಸರ ಚಿನ್ನದ ಸಾಮಾನು. ಮಹಡಿ ಮೇಲಿನ ಚಿತ್ರಗಳ ಹತ್ತಿರ ಬರುವಷ್ಟರಲ್ಲಿ ಕಾಲು ಸೋತಿತ್ತು. ನೀವು ಹಾಗೆ ಮಾಡಬೇಡಿ. ಮೆಟ್ಟಿಲು ಹತ್ತಿ ಸೀದಾ 10ನೇ ಕೋಣೆಗೆ ಹೋಗಿ.

ಅಲ್ಲಿರುವುದು 16ನೇ ಶತಮಾನದ ಚಿತ್ರಕಾರ ಬ್ರೂಗೆಲ್‌ನ ಚಿತ್ರಗಳು. ಅವನ ಚಿತ್ರಗಳು ಇಷ್ಟೊಂದು ಒಟ್ಟಿಗೆ ಇರುವ ಜಾಗ ಜಗತ್ತಿನಲ್ಲಿ ಬೇರೆ ಇಲ್ಲ. ಒಂದರಲ್ಲಿ ಹಳ್ಳಿಯ ಮದುವೆ ಊಟ. ಇಬ್ಬರು ಬಾಗಿಲ ಹಲಗೆಯನ್ನೇ ಕಿತ್ತು ತಂದು, ಅದರ ಮೇಲೆ ಬಟ್ಟಲು ಜೋಡಿಸಿ ಬಡಿಸುತ್ತಿದ್ದಾರೆ. ಇನ್ನೊಂದು ಹಿಮದಲ್ಲಿ ಮರಳುವ ಬೇಟೆಗಾರರದು. ಜನ ಹೆಚ್ಚು ನಿಲ್ಲುವುದು ಇದರ ಮುಂದೆ.

ನಾನು ನಿಂತದ್ದು ಪಕ್ಕದ ಚಿತ್ರದ ಮುಂದೆ. 1565ರದ್ದು. ಒಬ್ಬ ವ್ಯಾಪಾರಿಗಾಗಿ ವರ್ಷದ ಕಾಲಗಳನ್ನು ಬರೆದ ಸಾಲಿನಲ್ಲಿ ಇದು ಶರತ್ಕಾಲ. ಬೆಟ್ಟದ ಮೇವು ಮುಗಿದಿದೆ, ದನಗಳು ಊರಿಗೆ ಇಳಿಯುತ್ತಿವೆ. ಹಿಂದಿನಿಂದ ಉದ್ದ ಕೋಲಿನವರು ಅಟ್ಟುತ್ತಿದ್ದಾರೆ. ಕಣಿವೆ ಮೇಲೆ ಕಪ್ಪು ಮೋಡ, ಮರಗಳು ಹೆಚ್ಚುಕಡಿಮೆ ಬೋಳು. ದನಗಳ ಬೆನ್ನು ನಮ್ಮ ಕಡೆಗಿದೆ. ಅಂದರೆ ನಾವೂ ಅವುಗಳ ಹಿಂದೆಯೇ ನಡೆಯುತ್ತಿದ್ದೇವೆ, ಅಲ್ವಾ?

ನಮ್ಮೂರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಸಂಜೆ ಬ್ಯಾಣದಿಂದ, ಅಂದರೆ ಹುಲ್ಲುಗಾವಲಿನಿಂದ, ದನ ಬರುವಾಗ ಅಪ್ಪಯ್ಯನ ಜೊತೆ ನಾನು ಹೀಗೇ ಹಿಂದೆ ಬರುತ್ತಿದ್ದೆ. ಮಳೆ ಹಿಡಿಯುವುದರೊಳಗೆ ಕೊಟ್ಟಿಗೆ ಸೇರಬೇಕು ಎನ್ನುವ ಆ ಅವಸರ. ಅದನ್ನು ಇಷ್ಟು ಚೆನ್ನಾಗಿ ಬರೆದದ್ದನ್ನು ನಾನು ಬೇರೆಲ್ಲೂ ನೋಡಿಲ್ಲ. ಕಣ್ಣು ತುಂಬಿ ಬಂತು.

ಅದಕ್ಕೇ ಗುರುವಾರ ಸಂಜೆ ಮತ್ತೆ ಹೋದೆ. ಅವತ್ತು ರಾತ್ರಿ 9ರ ತನಕ ತೆರೆದಿತ್ತು. ಗುಂಪುಗಳು ಹೋಗಿದ್ದವು. ಕೋಣೆಯಲ್ಲಿ ಮೆತ್ತನೆಯ ಸೋಫಾ ಇದೆ. ಮುಕ್ಕಾಲು ಗಂಟೆ ಸುಮ್ನೆ ಕುಳಿತೆ. "ಹೊರಡೋಣವಾ?" ಎನ್ನುವವರು ಯಾರೂ ಇರಲಿಲ್ಲ. ಒಬ್ಬಳೇ ಬಂದದ್ದು ಎಷ್ಟು ಒಳ್ಳೆಯದಾಯಿತು ಅನ್ನಿಸಿದ್ದು ಆಗಲೇ.

ಮಕ್ಕಳ ಜೊತೆ ಹೋಗುವವರಿಗೆ ಒಂದು ಮಾತು: 19 ವರ್ಷದೊಳಗಿನವರಿಗೆ ಪ್ರವೇಶಕ್ಕೆ ದುಡ್ಡಿಲ್ಲ. ದೊಡ್ಡ ಬ್ಯಾಗು ಕೆಳಗೇ ಇಟ್ಟು ಹೋಗಬೇಕು. ಅಕ್ಟೋಬರಿನಲ್ಲಿ ಬೇಗ ಕತ್ತಲಾಗುತ್ತದೆ. ಬೆಳಕಿರುವಾಗ ಅರಮನೆ, ತೋಟ ಸುತ್ತಿ, ಗುರುವಾರ ಸಂಜೆಗೆ ಈ ಮ್ಯೂಸಿಯಂ ಇಟ್ಟುಕೊಳ್ಳಿ. ಬೀದಿಯಲ್ಲಿ ಕೆಂಡದ ಮೇಲೆ ಸುಟ್ಟ ಚೆಸ್ಟ್‌ನಟ್ ಮಾರುತ್ತಾರೆ. ಬಿಸಿ ಪೊಟ್ಟಣ ಕೈಯಲ್ಲಿದ್ದರೆ ಚಳಿಗೆ ಹಿತ.

ಅಂಗಡಿಯಲ್ಲಿ ಆ ದನಗಳ ಪೋಸ್ಟ್‌ಕಾರ್ಡ್ ಸಿಕ್ಕಿತು. ಎರಡು ಕೊಂಡೆ. ಒಂದನ್ನು ಅಲ್ಲಿಂದಲೇ ಊರಿಗೆ, ಅಣ್ಣನಿಗೆ ಕಳಿಸಿದೆ. ನಮ್ಮ ಮನೆಯಲ್ಲಿ ಈಗಲೂ ದನ ಕಟ್ಟುವವನು ಅವನೊಬ್ಬನೇ.